ನೀರಿನ ಹಾಳೆ

ಚೆನ್ನೈನಲ್ಲಿ ಬೇಸಿಗೆ ಬಂತೆಂಬುದನ್ನು ಪಂಚಾಂಗ ನೋಡಿ ತಿಳಿಯಬೇಕಾಗಿಲ್ಲ. ಕೀಲ್ಪಾಕಿನ ನಮ್ಮ ಬೀದಿಯ ತಿರುವಿನಲ್ಲಿ ತಾಟಿನುಂಗಿನ ಗಾಡಿ ಬಂದು ನಿಂತರೆ ಸಾಕು. ಗಾಡಿಯವನು ಕರಿಯ ತಾಳೆಕಾಯಿಯ ನೆತ್ತಿ ಹಾರಿಸಿ, ಹೆಬ್ಬೆರಳಿನಿಂದ ಎಬ್ಬಿಸಿ ಕೊಡುವ ಆ ತಿಳಿಬಿಳಿ ತಿರುಳನ್ನು ಕಂಡಾಗಲೆಲ್ಲ ನನಗೆ ಅದೇ ಅಚ್ಚರಿ: ಇದು ಬಹುಪಾಲು ನೀರು, ಆದರೆ ಹರಿಯುವುದಿಲ್ಲ, ಯಾರೋ ದೊಡ್ಡವರು ‘ಇಲ್ಲೇ ಕೂತಿರು’ ಎಂದು ಗದರಿಸಿ ಹೋದಂತೆ ಕೂತಲ್ಲೇ ಕೂತಿರುತ್ತದೆ. ಉದ್ಯೋಗದ ಕಾಲವೆಲ್ಲ ಶಾಲೆಯ ಹುಡುಗಿಯರಿಂದ ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ, ನಿವೃತ್ತಿಯ ಹೊತ್ತಿಗೆ ಸ್ವತಃ ಅವುಗಳಲ್ಲಿ ಅರ್ಧ ಮರೆತ ನನಗೆ ವಿಜ್ಞಾನವೆಂದರೆ ಪಕ್ಕದ ತರಗತಿಯಿಂದ ಕೇಳಿಬರುತ್ತಿದ್ದ ಸದ್ದು, ಅಷ್ಟೆ. ಹೀಗೆ ನಿಂತ ನೀರಿಗೆ ಹೈಡ್ರೋಜೆಲ್ ಎಂಬ ಹೆಸರಿದೆಯೆಂದೂ, ಅದನ್ನು ಹಾಳೆಯಂತೆ ಮಾಡಿ ಬೆಂದ ಚರ್ಮದ ಮೇಲೆ ಹಾಸುತ್ತಾರೆಂದೂ ನಾನು ಕಲಿತದ್ದು ತೀರ ಈಚೆಗೆ. ಕಲಿಯುವ ಪ್ರಸಂಗವೇ ಬಾರದಿದ್ದರೆ ಎಷ್ಟು ಚೆನ್ನಾಗಿತ್ತು.

ನಮ್ಮವರು ಶ್ರೀಪತಿ, ಮಾತಿನ ಮನುಷ್ಯ. ನಂಜನಗೂಡಿನವರು, ವಿಮಾ ಕಂಪನಿಯ ಕೆಲಸದ ಮೇಲೆ ಮದರಾಸಿಗೆ ಬಂದವರು, ಅದು ಚೆನ್ನೈ ಆದರೂ ತಾವು ಮಾತ್ರ ನಂಜನಗೂಡಿನವರಾಗಿಯೇ ಉಳಿದರು. ಆಟೋದವರೊಡನೆ, ಹಾಲಿನವರೊಡನೆ, ಟಿ. ನಗರದ ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ಹಾಸುವ ಹುಡುಗಿಯರೊಡನೆ ಅವರು ಆಡುತ್ತಿದ್ದುದು ಕನ್ನಡವೇ. ಕೊನೆಗೊಂದು ‘ಪಾ’ ಸೇರಿಸಿದರೆ ಅದು ತಮಿಳಾಗುತ್ತದೆಂದು ಅವರ ದೃಢವಾದ ನಂಬಿಕೆ. ವಿಚಿತ್ರವೆಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಅವರು ಮಾತಾಡುತ್ತಿದ್ದರು, ನಾನು ಕೇಳುತ್ತಿದ್ದೆ. ನಮ್ಮ ದಾಂಪತ್ಯದ ಕಾರ್ಯವಿಭಾಗ ಇಷ್ಟು ಸರಳವಾದದ್ದು. ಪಾಠ ಹೇಳುವಾಗ ಬಿಟ್ಟರೆ ನಾನು ಬಾಯಿ ತೆರೆಯುತ್ತಿದ್ದುದು ಆಕಳಿಸುವುದಕ್ಕೆ ಮಾತ್ರ ಎಂದು ಅವರು ನೆಂಟರ ಮುಂದೆ ಹಾಸ್ಯ ಮಾಡುತ್ತಿದ್ದರು.

ನಮ್ಮ ಒಬ್ಬಳೇ ಮಗಳು ಮಾನಸ ಹುಟ್ಟಿದ್ದು, ಓದಿದ್ದು, ಈಗ ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿರುವುದು ಎಲ್ಲ ಇದೇ ಊರಿನಲ್ಲಿ. ಅಪ್ಪನ ಕನ್ನಡ ಅವಳಿಗೆ ಅಕ್ಷರಕ್ಷರವೂ ತಿಳಿಯುತ್ತಿತ್ತು. ಉತ್ತರ ಮಾತ್ರ ತಮಿಳಿನಲ್ಲಿ, ಹೆಚ್ಚೆಂದರೆ ಇಂಗ್ಲಿಷಿನಲ್ಲಿ. ಊಟದ ಹೊತ್ತಿನಲ್ಲಿ ಒಂದು ಕಡೆಯಿಂದ ಕನ್ನಡ, ಇನ್ನೊಂದು ಕಡೆಯಿಂದ ತಮಿಳು, ನಡುವೆ ನಾನು ಮೌನವಾಗಿ ಹುಳಿ ಬಡಿಸುತ್ತಿದ್ದೆ. ಇದರಿಂದ ಯಾರಿಗೂ ಬೇಸರವಿದ್ದಂತೆ ಕಾಣಲಿಲ್ಲ.

ಮೊದಲು ಅವರ ಧ್ವನಿ ಒಡೆಯಿತು. ಅಷ್ಟು ಮಾತಾಡಿದರೆ ಒಡೆಯದೆ ಏನಾದೀತು ಎಂದು ನಾವು ನಕ್ಕೆವು. ಶುಂಠಿ ಕಷಾಯ, ಜ್ಯೇಷ್ಠಮಧು, ಉಪ್ಪುನೀರು, ಎಲ್ಲ ಆಯಿತು. ಒಡಕು ಹಾಗೆಯೇ ಉಳಿದಾಗ ಪರೀಕ್ಷೆಗಳು ನಡೆದು, ಗಂಟಲಿನಲ್ಲಿ, ಸರಿಯಾಗಿ ಧ್ವನಿಪೆಟ್ಟಿಗೆಯಲ್ಲಿಯೇ, ಕ್ಯಾನ್ಸರ್ ಇದೆಯೆಂದು ತಿಳಿಯಿತು. ದೇಹದಲ್ಲಿ ಇಷ್ಟೊಂದು ಜಾಗವಿರುವಾಗ ಅದು ಹುಡುಕಿಕೊಂಡು ಹೋಗಿ ಅಲ್ಲಿಯೇ ಕೂತದ್ದು ನನಗೆ ಇಂದಿಗೂ ಅರ್ಥವಾಗದ ಕ್ರೌರ್ಯ.

ನಮಗೆ ದೊರೆತ ವೈದ್ಯೆ ಎಳೆಯ ವಯಸ್ಸಿನ, ನಿಧಾನವಾಗಿ ಮಾತಾಡುವ ಹೆಣ್ಣುಮಗಳು. ಎರಡು ದಾರಿಗಳಿವೆ ಎಂದರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದುಹಾಕಬಹುದು. ಇಲ್ಲವೇ ಅದನ್ನು ಉಳಿಸಿಕೊಂಡು, ವಾರಗಟ್ಟಲೆ ವಿಕಿರಣ ಕೊಟ್ಟು, ಜೊತೆಗೆ ಔಷಧಿ ಕೊಟ್ಟು ನೋಡಬಹುದು. ಎರಡರಲ್ಲೂ ಭರವಸೆಯಿದೆ, ಎರಡರಲ್ಲೂ ಭಯವಿದೆ, ಯೋಚಿಸಿ ಹೇಳಿ ಎಂದರು. ನಮ್ಮವರು ಯೋಚಿಸುವುದಕ್ಕೆ ಆಟೋ ಮನೆ ಮುಟ್ಟುವವರೆಗೂ ಕಾಯಲಿಲ್ಲ.

“ಪೆಟ್ಟಿಗೆ ತೆಗೆಸ್ಕೊಂಡು ಬದುಕಿದ್ರೆ ಬದುಕಿರೋನು ಯಾರೇ? ನಾನಂತೂ ಅಲ್ಲ,” ಎಂದರು.

“ನಂಗೆ ನೀವು ಇದ್ರೆ ಸಾಕು,” ಎಂದೆ ನಾನು.

“ಅದೇ ಕಣೇ ನಾನೂ ಹೇಳ್ತಿರೋದು.”

ಹೀಗೆ ಎರಡನೆಯ ದಾರಿ ನಿಶ್ಚಯವಾಯಿತು.

ವಿಕಿರಣಕ್ಕೆ ಬಣ್ಣವಿಲ್ಲ, ಬಿಸಿಯಿಲ್ಲ, ಸದ್ದು ಯಂತ್ರದ್ದು ಮಾತ್ರ. ಮುಖಕ್ಕೆ ಅಚ್ಚುಕಟ್ಟಾದ ಬಲೆಯಂಥ ಮುಖವಾಡ ಹಾಕಿ ಮಲಗಿಸುತ್ತಿದ್ದರು. ಕೆಲವು ನಿಮಿಷಗಳಲ್ಲಿ ಮುಗಿಯುತ್ತಿತ್ತು. ಮೊದಮೊದಲು ಅವರು ಹೊರಬಂದು, “ಪುಕ್ಕಟೆ ಯಕ್ಷಗಾನ ಕಣೇ, ವೇಷ ಹಾಕ್ತಾರೆ, ಕುಣಿಸೋದಿಲ್ಲ,” ಎನ್ನುತ್ತಿದ್ದರು. ವಾರಗಳು ಉರುಳಿದಂತೆ ನಾಲಗೆಯ ರುಚಿ ಹೋಯಿತು, ಬಾಯಿ ಒಣಗಿತು, ಕತ್ತಿನ ಚರ್ಮ ಮೊದಲು ಕೆಂಪಾಗಿ, ಆಮೇಲೆ ಕಪ್ಪಾಗಿ, ಕೊನೆಗೆ ಸುಲಿದು ಒಸರತೊಡಗಿತು. ಅಂಗಿಯ ಕಾಲರು ತಾಗಿದರೆ ಜೀವ ಹೋಗುವಂತೆ ನಡುಗುತ್ತಿದ್ದರು. ಮೆತ್ತನೆಯ ಹತ್ತಿ ಪಂಚೆಯನ್ನು ಹರಿದು ಸುತ್ತಲು ಹೋದೆ. ಅದು ಗಾಯಕ್ಕೆ ಅಂಟಿಕೊಂಡಿತು, ಬಿಡಿಸುವಾಗ ಅವರು ಗೋಡೆಯ ಕಡೆ ತಿರುಗಿಕೊಂಡರು. ಮಾತಿನ ಮನುಷ್ಯ ಅತ್ತದ್ದು ಶಬ್ದವಿಲ್ಲದೆ.

ಮರುದಿನ ವೈದ್ಯೆ ಕತ್ತನ್ನು ನೋಡಿ, ತೆಳ್ಳನೆಯ ಪೊಟ್ಟಣವೊಂದನ್ನು ಹರಿದು, ಅಂಗೈಯಗಲದ ಪಾರದರ್ಶಕ ಹಾಳೆಯನ್ನು ಹೊರತೆಗೆದರು. ನಡುಗುವ ಹಾಳೆ, ಮುಟ್ಟಿದರೆ ತಂಪು. ಹತ್ತರಲ್ಲಿ ಒಂಬತ್ತು ಪಾಲಿನಷ್ಟು ನೀರೇ ಇದರಲ್ಲಿದೆ, ಕಣ್ಣಿಗೆ ಕಾಣದ ಎಳೆಗಳ ಬಲೆಯೊಂದು ಆ ನೀರನ್ನು ಹಿಡಿದಿಟ್ಟಿದೆ, ಗಾಯವನ್ನು ಒಣಗಗೊಡದೆ, ತಾನು ಅದಕ್ಕೆ ಅಂಟಿಕೊಳ್ಳದೆ, ಹೊಸ ಚರ್ಮ ಬೆಳೆಯುವವರೆಗೆ ಕಾವಲಿರುತ್ತದೆ ಎಂದು ಅವರು ತಮಿಳಿನಲ್ಲಿ ವಿವರಿಸಿದರು. ಜೊತೆಗೆ ಬಂದಿದ್ದ ಮಾನಸಳನ್ನು ನೋಡಿ, “ನಿನ್ನ ಕಣ್ಣಿನಲ್ಲಿರುವ ಮೆತ್ತನೆಯ ಲೆನ್ಸ್ ಕೂಡ ಇದೇ ಜಾತಿಯದು,” ಎಂದು ನಕ್ಕರು. ಹಾಳೆ ಕತ್ತಿನ ಮೇಲೆ ಕೂತಿತು. ನಮ್ಮವರು ಕಣ್ಣು ಮುಚ್ಚಿದರು. ಬಹಳ ದಿನಗಳ ಮೇಲೆ ಅವರ ಹುಬ್ಬುಗಳ ನಡುವಿನ ಗಂಟು ಸಡಿಲವಾದದ್ದನ್ನು ನಾನು ಕಂಡೆ. ಸ್ವಲ್ಪ ಹೊತ್ತಿನ ಮೇಲೆ ಅವರು, ಗಾಳಿಯಂಥ ಧ್ವನಿಯಲ್ಲಿ, ಒಂದೊಂದೇ ಅಕ್ಷರ ನುಂಗುತ್ತ ಹೇಳಿದರು:

“ಜಲಕ್ಕೆ ಜಾಲ. ಜಲಜಾಲ. ಹೆಂಗಿದೆ, ಸಂಸ್ಕೃತದ ಮೇಡಂ?”

ಸಮಾಸ ಸರಿಯಾಗಿದೆ ಎಂದು ನಾನು ತಲೆಯಾಡಿಸಿದೆ. ಅದಾದ ಮೇಲೆ ಬಹಳ ಕಾಲ ಅವರು ಮಾತಾಡಲಿಲ್ಲ, ಆಡಲಾಗಲಿಲ್ಲ.

ಅಂದಿನಿಂದ ಹಾಳೆ ಹಾಸುವ ಕೆಲಸ ನನ್ನದಾಯಿತು. ಯಂತ್ರಕ್ಕೆ ಹೋಗುವ ಮುನ್ನ ತೆಗೆಯಬೇಕು, ಬಂದ ಮೇಲೆ ಗಾಯವನ್ನು ಮೆತ್ತಗೆ ತೊಳೆದು ಹೊಸದನ್ನು ಹಾಸಬೇಕು. ಚಪಾತಿಯನ್ನು ದುಂಡಗೆ ಲಟ್ಟಿಸಲಾರದವಳೆಂದು ಅತ್ತೆಯವರಿಂದ ಪ್ರಶಸ್ತಿ ಪಡೆದ ನನ್ನ ಕೈಗಳು ಮೊದಲ ದಿನ ಎಷ್ಟು ನಡುಗಿದುವೆಂದರೆ ಹಾಳೆ ಮಡಿಸಿಕೊಂಡು ಮುದ್ದೆಯಾಯಿತು. ನಿಧಾನವಾಗಿ ಕಲಿತೆ. ನಾವು ಬೆಳೆದ ಮನೆಗಳಲ್ಲಿ ಗಂಡಹೆಂಡಿರು ಹಗಲಿನಲ್ಲಿ ಒಬ್ಬರನ್ನೊಬ್ಬರು ಮುಟ್ಟುತ್ತಿರಲಿಲ್ಲ. ಕಾಫಿ ಲೋಟ ಕೊಡುವಾಗ ಬೆರಳು ತಾಗಿದರೆ ಅದೇ ಶೃಂಗಾರ. ಈಗ ದಿನವೂ ಮಧ್ಯಾಹ್ನದ ಬೆಳಕಿನಲ್ಲಿ, ಕಿಟಕಿಯ ಪಕ್ಕ, ನಾನು ಅವರ ಗದ್ದವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಿಂದ ಆ ತಣ್ಣನೆಯ ಹಾಳೆಯನ್ನು ಕಿವಿಯ ಕೆಳಗಿನಿಂದ ಕೊರಳಿನ ಗುಳಿಯವರೆಗೆ ಹಾಸಿ, ಗಾಳಿಗುಳ್ಳೆಗಳನ್ನು ಬೆರಳ ತುದಿಯಿಂದ ಅಂಚಿಗೆ ಸರಿಸುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ವರ್ಷಗಳ ಅವರ ವಾಗ್ಝರಿ ಹೇಳದೆ ಬಿಟ್ಟದ್ದೇನೋ ಆ ನೋಟದಲ್ಲಿತ್ತು. ಅದನ್ನು ಇಲ್ಲಿ ಬರೆಯಲು ನನಗೆ ಸಂಕೋಚ.

ಆದರೆ ಮನೆ ಸದ್ದಿಲ್ಲದೆ ಬಿಕೋ ಎನ್ನುತ್ತಿತ್ತು. ನಮ್ಮ ಮನೆಯ ಕನ್ನಡವೆಲ್ಲ ಒಬ್ಬರ ಬಾಯಿಂದ ಬರುತ್ತಿತ್ತೆಂದು ನಮಗೆ ಹೊಳೆದದ್ದೇ ಆಗ. ಒಂದು ಸಂಜೆ ಮಾನಸ ಕೆಲಸದಿಂದ ಬಂದವಳು, ಗಂಜಿಗೆ ಕಲಸುವುದಕ್ಕೆ ಬೇಳೆಕಟ್ಟಿನ ಬಟ್ಟಲು ಹಿಡಿದು, ಅಪ್ಪನ ಹಾಸಿಗೆಯ ಪಕ್ಕ ಕೂತು, ಗಂಟಲು ಸರಿಮಾಡಿಕೊಂಡು ಹೇಳಿದಳು:

“ಅಪ್ಪಾ, ಹರುಪ್ಪು ತಂದಿದೀನಿ. ಸ್ವಲ್ಪ ತಿನ್ನಿ.”

ನಾನು ಬೆಪ್ಪಾಗಿ ನೋಡಿದೆ. ಅವಳ ತರ್ಕ ಆಮೇಲೆ ತಿಳಿಯಿತು: ತಮಿಳಿನ ಪಾಲ್ ಕನ್ನಡದಲ್ಲಿ ಹಾಲು, ಪೂ ಹೂವು, ಪಲ್ ಹಲ್ಲು, ಹಾಗಾದರೆ ಪರುಪ್ಪು ಹರುಪ್ಪು ಆಗದೆ ಇನ್ನೇನಾಗಬೇಕು? ಭಾಷಾಶಾಸ್ತ್ರದ ಪ್ರಕಾರ ನಿರ್ದುಷ್ಟವಾದ ಆ ಶಬ್ದಕ್ಕೆ ನಾವು ಬೇಳೆ ಎನ್ನುತ್ತೇವೆಂಬುದು ಭಾಷೆಯ ತಪ್ಪೇ ಹೊರತು ಅವಳದಲ್ಲ. ನಮ್ಮವರ ಭುಜಗಳು ಅಲುಗಾಡತೊಡಗಿದುವು. ನೋವೇನೋ ಎಂದು ನಾನು ಓಡಿದೆ, ನೋಡಿದರೆ ನಗು. ನಕ್ಕರೆ ಕತ್ತು ಉರಿಯುತ್ತಿತ್ತು, ಉರಿದರೂ ನಗು ನಿಲ್ಲುತ್ತಿರಲಿಲ್ಲ. ಹಾಳೆ ಜಾರಿ ಎದೆಯ ಮೇಲೆ ಬಿತ್ತು, ಮಗಳೂ ಅಳುತ್ತ ನಗುತ್ತಿದ್ದಳು. ಅಂದಿನಿಂದ ಅವಳು ಅಪ್ಪನೊಡನೆ ತಮಿಳಾಡಲಿಲ್ಲ. ದಿನಕ್ಕೊಂದು ಹೊಸ ಪದವನ್ನು ಅವಳು ಸೃಷ್ಟಿಸುತ್ತಿದ್ದಳು, ಅವರು ಕೈಯಾಡಿಸಿ ತಿದ್ದುತ್ತಿದ್ದರು, ತಿದ್ದಿದ್ದು ಅರ್ಥವಾಗದಿದ್ದರೆ ನಾನು ಬಾಯಿ ತೆರೆಯಬೇಕಾಗುತ್ತಿತ್ತು.

ವಿಕಿರಣ ಮುಗಿಯಿತು. ಹಾಳೆಯ ಕೆಳಗೆ, ಗಾಜಿನ ಮೂಲಕ ನೋಡಿದಂತೆ, ಗಾಯದ ಅಂಚುಗಳಿಂದ ಎಳೆಯ ಗುಲಾಬಿ ಚರ್ಮ ಒಳಕ್ಕೆ ನಡೆದುಬರುವುದನ್ನು ನಾವು ಮೂವರೂ ದಿನವೂ ನೋಡಿದೆವು. ಬೇಸಿಗೆ ಕಳೆಯುವ ಹೊತ್ತಿಗೆ ಕತ್ತು ವಾಸಿಯಾಗಿತ್ತು. ಧ್ವನಿಯೂ ಬಂತು, ಹಳೆಯ ರೇಡಿಯೊದಂತೆ ಕರಕರ ಎನ್ನುವ ಧ್ವನಿ, ಆದರೆ ಅವರದೇ. ಬಂದ ಮಾರನೆಯ ದಿನವೇ ಕೆಳಗಿಳಿದು ಹೋಗಿ ಕಾವಲುಗಾರನೊಡನೆ ‘ಏನ್ಪಾ ಸಮಾಚಾರಪಾ’ ಎಂದು ಶುರುಮಾಡಿದರು. ನಾನು ಬಾಲ್ಕನಿಯಲ್ಲಿ ನಿಂತು ಕೇಳಿದೆ.

ಆ ಸಂತೋಷ ಮುಂದಿನ ತಪಾಸಣೆಯವರೆಗೆ ಇತ್ತು. ರೋಗ ಗಂಟಲು ಬಿಟ್ಟು ಶ್ವಾಸಕೋಶಗಳಲ್ಲಿ ಹರಡಿತ್ತು. ವೈದ್ಯೆ ಸುತ್ತಿಬಳಸದೆ ಹೇಳಿದರು, ಹೇಳುವಾಗ ನಮ್ಮವರ ಕಣ್ಣು ತಪ್ಪಿಸಲಿಲ್ಲ. ಇನ್ನು ಗುಣಪಡಿಸುವುದು ಸಾಧ್ಯವಿಲ್ಲ, ನೋವಾಗದಂತೆ ನೋಡಿಕೊಳ್ಳಬಹುದು. ಅಪ್ಪ ಮಗಳು ಔಷಧಿ ತರಲು ಹೋದಾಗ ನಾನು ಒಬ್ಬಳೇ ಹಿಂದಿರುಗಿ ವೈದ್ಯೆಯ ಕೋಣೆಗೆ ಹೋದೆ. ನನ್ನ ಪ್ರಶ್ನೆಯ ದಡ್ಡತನ ನನಗೆ ತಿಳಿದಿತ್ತು, ಆದರೂ ಕೇಳಿದೆ:

“ಒಳಗಡೆಗೆ ಹಾಕೋ ಅಂಥ ಹಾಳೆ ಯಾವುದೂ ಇಲ್ವೇ ಡಾಕ್ಟರ್?”

ಅವರು ನಗಲಿಲ್ಲ. ದೇಹದೊಳಗಿಟ್ಟರೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಜೆಲ್‌ಗಳನ್ನು ಮಾಡುತ್ತಿದ್ದಾರೆ, ಸವೆದ ಕೀಲಿಗೆ, ಬಳಲಿದ ಹೃದಯಕ್ಕೆ ಕೂಡ ಪ್ರಯೋಗಗಳು ನಡೆದಿವೆ, ಮುಂದೊಂದು ದಿನ ಏನೇನೋ ಆದೀತು ಎಂದರು. ಆಮೇಲೆ ನನ್ನ ಕೈ ಹಿಡಿದು, “ಇವರಿಗೆ ಇಲ್ಲಮ್ಮಾ,” ಎಂದರು.

ಉಳಿದ ತಿಂಗಳುಗಳನ್ನು ನಮ್ಮವರು ಮಾತಾಡಿ ಕಳೆದರು. ಪೆಟ್ಟಿಗೆ ಉಳಿಸಿಕೊಂಡದ್ದು ಸರಿಯಾಯಿತೋ ತಪ್ಪಾಯಿತೋ ಎಂದು ನಾನು ಮನಸ್ಸಿನಲ್ಲಿ ಬೇಯುತ್ತಿದ್ದೆ. ಅವರು ಒಮ್ಮೆಯೂ ಆ ಲೆಕ್ಕಕ್ಕೆ ಹೋಗಲಿಲ್ಲ. ಮಗಳು ಸಂಜೆ ಬೇಗ ಬರುತ್ತಿದ್ದಳು. ಕಪಿಲಾ ನದಿಯಲ್ಲಿ ಈಜು ಕಲಿತದ್ದು, ಮೊದಲ ಪಾಲಿಸಿ ಮಾಡಿಸಲು ಹೋದ ಮನೆಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದದ್ದು, ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟಿಗೆ ಉಪ್ಪಿಲ್ಲದಿದ್ದರೂ ಹೊಗಳಿದ್ದು, ಎಲ್ಲವನ್ನೂ ಉಸಿರು ಸಾಲದೆ ನಿಂತು ನಿಂತು ಹೇಳುತ್ತಿದ್ದರು. ಅವಳು ಕನ್ನಡದಲ್ಲಿಯೇ ಪ್ರಶ್ನೆ ಕೇಳುತ್ತಿದ್ದಳು. ಕೊನೆಯ ಬೆಳಿಗ್ಗೆ ಅವರು ಹೇಳಿದ್ದು ದೊಡ್ಡ ಮಾತೇನೂ ಅಲ್ಲ. “ಕಿಟಕಿ ತೆಗಿ, ಸೆಕೆ,” ಎಂದರು. ನಾನು ಕಿಟಕಿ ತೆರೆದು ತಿರುಗುವಷ್ಟರಲ್ಲಿ ಮುಗಿದಿತ್ತು.

ಸ್ನಾನ ಮಾಡಿಸುವಾಗ ಊರಿಂದ ಬಂದ ಮೈದುನ ಅಣ್ಣನ ಕೊರಳ ಮೇಲೆ ನೀರು ಹಾಕಿ, “ಅತ್ಗೇ, ಕುತ್ತಿಗೆ ಎಲ್ಲಾ ಸುಟ್ಟೋಗಿತ್ತು ಅಂದಿದ್ರಲ್ಲ?” ಎಂದ. ನಾನು ಬಗ್ಗಿ ನೋಡಿದೆ. ಮಗುವಿನ ಚರ್ಮದಂತೆ ನಯವಾಗಿತ್ತು. ನಾನು ಕಾಯ್ದು ಬೆಳೆಸಿದ ಚರ್ಮ. ಇಡೀ ದೇಹದಲ್ಲಿ ಪೂರ್ಣ ಆರೋಗ್ಯದಿಂದಿದ್ದದ್ದು ಆ ಅಂಗೈಯಗಲದ ಜಾಗ ಒಂದೇ. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಅದನ್ನು ಕಂಡು ಕುಸಿದೆ.

ಕರ್ಮಗಳೆಲ್ಲ ಮುಗಿದು, ನೆಂಟರು ಹೊರಟುಹೋದ ಮೇಲಿನ ಒಂದು ಭಾನುವಾರ, ಮಾನಸ ನನ್ನನ್ನು ಕೂರಿಸಿ ತಾನೇ ಅಡಿಗೆಗೆ ನಿಂತಳು. ಕುಕ್ಕರಿನ ಆವಿ ಮಣಿಕಟ್ಟಿಗೆ ಬಡಿಯಿತು. ನಾನು ಅವಳ ಕೈಯನ್ನು ನಲ್ಲಿಯ ಕೆಳಗೆ ಬಹಳ ಹೊತ್ತು ಹಿಡಿದು, ಆಮೇಲೆ ಬೀರುವಿನಲ್ಲಿ ಮಿಕ್ಕಿದ್ದ ಪೊಟ್ಟಣವೊಂದನ್ನು ಹರಿದು, ಕಿಟಕಿಯ ಪಕ್ಕ ಕೂರಿಸಿ, ಹಾಳೆ ಹಾಸಿದೆ. ಈಗ ನನ್ನ ಕೈ ನಡುಗುವುದಿಲ್ಲ. ಗಾಯ ಸಣ್ಣದು, ಆದರೂ ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಗಾಳಿಗುಳ್ಳೆಗಳನ್ನು ಅಂಚಿಗೆ ಸರಿಸುತ್ತ ಕೂತಿದ್ದೆ.

“ಏನಾದ್ರೂ ಮಾತಾಡಮ್ಮಾ,” ಎಂದಳು.

“ಏನು ಮಾತಾಡ್ಲಿ?”

“ಏನಾದ್ರೂ. ಕನ್ನಡದಲ್ಲಿ.”

ಬದನೆಕಾಯಿ ಈ ಸಲ ಕಹಿ ಇತ್ತು ಎಂದೆ. ಮೇಲಿನ ಮನೆಯವರ ಮಗುವಿಗೆ ಹಲ್ಲು ಬಂದಿದೆ ಎಂದೆ. ನಾನು ಚಿಕ್ಕವಳಿದ್ದಾಗ ಬಾವಿಗೆ ಬಿದ್ದ ಬಿಂದಿಗೆಯನ್ನು ತೆಗೆಯಲು ಅಜ್ಜಿ ಪಾತಾಳಗರಡಿ ಇಳಿಬಿಟ್ಟಳು ಎಂದೆ. “ಪಾತಾಳಗರಡಿ ಅಂದ್ರೆ?” ಎಂದು ಅವಳು ಮೂಗೊರೆಸಿಕೊಳ್ಳುತ್ತ ಕೇಳಿದಳು. ಹಗ್ಗಕ್ಕೆ ಕಟ್ಟಿದ ಕೊಕ್ಕೆಗಳ ಗೊಂಚಲು ಎಂದು ವಿವರಿಸಲು ಹೋಗಿ, ಬಾವಿಯ ಕಥೆಗೆ ಬಂದೆ, ಅಜ್ಜಿಯ ಕಥೆಗೆ ಬಂದೆ. ಒಲೆಯ ಮೇಲಿನ ಅನ್ನ ಆರಿತು. ಅವಳ ಮಣಿಕಟ್ಟನ್ನು ನನ್ನ ಮಡಿಲಲ್ಲಿಟ್ಟುಕೊಂಡು, ನಾನು ಮಾತಾಡುತ್ತಲೇ ಇದ್ದೆ.