ಲಾಭ, ಎರಡು, ಮೂರು

ಹಿಂದೂಪುರದ ನಮ್ಮ ನೇಕಾರರ ಬೀದಿಯಲ್ಲಿ ಪದ್ಮಾವತಮ್ಮನ ಅಪ್ಪ ಜಗುಲಿಯ ಮೇಲೆ ಪುಟ್ಟ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದರು. ಮರಳಲ್ಲಿ ಅಂಕಿ ತಿದ್ದಬೇಕು, ಮಗ್ಗಿ ಕೂಗಬೇಕು, ತಪ್ಪಿದರೆ ಬೆತ್ತ. ಮುಕ್ಕಾಲು ಮಗ್ಗಿಯನ್ನು ಗಿಳಿಪಾಠದಂತೆ ಒಪ್ಪಿಸುವ ಹುಡುಗರಿಗೆ ಹತ್ತು ಕಡಲೆಕಾಯಿ ಎಣಿಸಿಕೊಡಲು ಬರುತ್ತಿರಲಿಲ್ಲ.

ಅಪ್ಪ ಹೋದರು, ಪದ್ಮಾವತಮ್ಮನ ಗಂಡನೂ ಹೋದ. ತಮ್ಮ ಚೆನ್ನಕೇಶವನ ಮನೆಯಲ್ಲಿ ಒಂದು ತುತ್ತಿಗೂ ನಾದಿನಿಯ ಮುಖ ನೋಡಬೇಕಾಯಿತು. ಅರವತ್ತೊಂದನೇ ಇಸವಿಯಲ್ಲಿ ಕಲ್ಯಾಣದುರ್ಗದ ಕಡೆ ಬಾಲವಾಡಿಗಳು ಶುರುವಾದಾಗ ಟ್ರೈನಿಂಗ್ ಮುಗಿಸಿ ಟೀಚರ್ ಆದಳು. ತನಿಖೆಯಲ್ಲಿ ಗೆದ್ದರೆ ಕೆಲಸ ಕಾಯಂ, ಇಲ್ಲವಾದರೆ ಮತ್ತೆ ತಮ್ಮನ ಮನೆ.

ಬೆತ್ತ ಬೇಡ, ಬಾಯಿಪಾಠ ಬೇಡ, ಮಕ್ಕಳು ಕೈಯಾರೆ ಮುಟ್ಟಿ ಎಣಿಸಲಿ ಎಂದಿದ್ದರು ಟ್ರೈನಿಂಗಿನಲ್ಲಿ. ಅದು ಅವಳಿಗೆ ಬಹಳ ಹಿಡಿಸಿತ್ತು. ಕಳಿಸುತ್ತೇವೆಂದ ಬಣ್ಣದ ಮಣಿಗಳು ಮಾತ್ರ ಬರಲೇ ಇಲ್ಲ. ಮಕ್ಕಳ ಮನೆಗಳಿಂದ ರಾಗಿ ತರಿಸಿ, ಅಳೆಯಲು ಪಾವು ಕೊಟ್ಟಳು. ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಅಳತೆಗೆ ಯಾರೂ ಒಂದು ಎನ್ನುವುದಿಲ್ಲ. ಒಂದು ಎಂದರೆ ಆ ಕಾಳಿನ ಮನೆಗೆ ಬರ ಬರುತ್ತದಂತೆ. ಲಾಭ ಎನ್ನುತ್ತೇವೆ, ಆಮೇಲೆ ಎರಡು, ಮೂರು. ತೆಲುಗರೂ ಹಾಗೆಯೇ. ಮಕ್ಕಳು ಹಾಗೇ ಅಳೆದರು, ಹಾಗೇ ಕಲಿತರು. ಅದು ತಪ್ಪೆಂದು ಅವಳಿಗೆ ಹೊಳೆಯಲೇ ಇಲ್ಲ. ನನಗೂ ಹೊಳೆಯುತ್ತಿರಲಿಲ್ಲ ಬಿಡಿ.

ತನಿಖೆಗೆ ಬಂದ ಇನ್‌ಸ್ಪೆಕ್ಟರಮ್ಮ ಉಜ್ಜಿನಪ್ಪನೆಂಬ ಮಗುವಿನ ಮುಂದೆ ಒಂದು ಬಳಪ ಇಟ್ಟು, "ಇವಿ ಎನ್ನಿ ನಾಯನಾ? ಎಷ್ಟಿದೆ ಹೇಳು?" ಎಂದಳು.

"ಲಾಭ!"

ಉಳಿದ ಮಕ್ಕಳೂ ಒಕ್ಕೊರಲಿನಿಂದ ಅದನ್ನೇ ಕೂಗಿದವು.

ಇನ್‌ಸ್ಪೆಕ್ಟರಮ್ಮ ನಕ್ಕುಬಿಟ್ಟಳು. ಕೆಟ್ಟವಳೇನಲ್ಲ. "ಮಾ ಇಂಟ್ಲೋ ಕೂಡಾ ಅಂತೇನಮ್ಮಾ, ನಮ್ಮ ಮನೇಲೂ ಹಾಗೇನೇ. ಆದ್ರೆ ಇದು ಇಸ್ಕೂಲು. ನೀವೇ ಪಾವು ಅಳೆದು, ಒಂದು ಅಂತ ಹೇಳಿಕೊಡಿ, ಸಾಕು."

ಪದ್ಮಾವತಮ್ಮ ಪಾವು ತುಂಬಿ ಎತ್ತಿದಳು. ಮಕ್ಕಳೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದವು. ತುಂಬಿದ ಪಾವನ್ನು ಮತ್ತೆ ರಾಶಿಗೇ ಸುರಿದಳು.

"ಮಕ್ಳ ಮನೇದು ಕಣಮ್ಮ ಈ ರಾಗಿ. ನಾನು ಮೊದ್ಲೇ ಗಂಡ ಸತ್ತೋಳು. ನನ್ ಬಾಯಾಗೆ ಆ ಮಾತು ಬ್ಯಾಡ."

"ಇಂಥ ಮೂಢನಂಬಿಕೆ ಇಟ್ಕೊಂಡು ಮಕ್ಕಳಿಗೆ ಏನು ಕಲಿಸ್ತೀರಮ್ಮಾ?" ಎಂದ ಇನ್‌ಸ್ಪೆಕ್ಟರಮ್ಮನ ಮುಖದಲ್ಲಿ ಈಗ ನಗುವಿರಲಿಲ್ಲ. ತಿಂಗಳ ಕೊನೆಗೆ ಕೆಲಸ ಹೋಯಿತು.

ಬೆಪ್ಪು ಹೆಂಗಸು! ಒಂದು ಎಂದುಬಿಟ್ಟಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆಯೇ ಅಳು.

ಹಿಂದೂಪುರಕ್ಕೆ ವಾಪಸಾದ ಮೇಲೆ ಒಂದು ದಿನ ತಮ್ಮನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಬೆರಳು ಮಡಿಸಿ ಎಣಿಸುತ್ತಿದ್ದಳು. ಚೆನ್ನಕೇಶವ ಮಗ್ಗದಿಂದಲೇ ನೋಡಿದ.

"ಅಕ್ಕಾ, ಮಗೀಗೆ ನೀನೇನೂ ಕಲಿಸ್ಬ್ಯಾಡ ಕಣಕ್ಕ. ನಾಳೆ ಇಸ್ಕೂಲಾಗೆ ನಗ್ತಾರೆ."

ಅವನ ದನಿಯಲ್ಲಿ ಕೋಪವೇನೂ ಇರಲಿಲ್ಲ. ಪದ್ಮಾವತಮ್ಮ ಮಡಿಸಿದ್ದ ಬೆರಳುಗಳನ್ನು ಬಿಡಿಸಿ, ಮಗುವನ್ನು ಕೆಳಗಿಳಿಸಿದಳು.