ದೇವಿ ಹಚ್ಚಿದ ಅರಿಶಿನ

ಆ ಶುಕ್ರವಾರ ಬೆಳಿಗ್ಗೆ ಸುಳ್ಯದ ತನ್ನ ಮನೆಯ ಬಚ್ಚಲ ಬಾಗಿಲಲ್ಲಿ ಅಕ್ಕ ನನ್ನ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದಳು. ನನಗೆ ಮದುವೆಯಾದ ಮೇಲೂ ಹೋದಾಗಲೆಲ್ಲ ಹಚ್ಚುವವಳು ಅವಳೇ. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ರೆಪ್ಪೆ ನೋಡಿದಳು.

“ನಿಂಗೆ ಇನ್ನೂ ಬರ್ಲಿಲ್ಲ ಮಾರಾಯ್ತಿ. ದೇವಿಗೆ ನಿನ್ನ ಮೇಲೆ ಎಂತ ಸಿಟ್ಟೋ!”

“ನಿಂಗೆ ಹಚ್ಚಿ ಹಚ್ಚಿಯೇ ಅವಳ ಅರಿಶಿನ ಮುಗಿದಿರ್ಬೇಕು,” ಎಂದೆ.

“ಬಂದ್ರೆ ಮೊದ್ಲು ನಂಗೇ ತೋರಿಸ್ಬೇಕು, ಗೊತ್ತುಂಟಲ್ಲ?”

ಅಕ್ಕನ ರೆಪ್ಪೆಗಳ ಮೇಲೆ, ಮೂಗಿನ ಬದಿಗೆ, ಹಳದಿ ಮಚ್ಚೆಗಳಿದ್ದವು. ಅಮ್ಮನಿಗೂ ಇದ್ದವು. ದೇವಿಯೇ ಅರಿಶಿನ ಹಚ್ಚಿದ ಗುರುತು, ಇಂಥವಳು ಮುತ್ತೈದೆಯಾಗಿಯೇ ಹೋಗುತ್ತಾಳೆ ಎಂದು ನಮ್ಮಲ್ಲಿ ನಂಬಿದ್ದರು. ಹೆಣ್ಣು ನೋಡಲು ಬಂದ ದಿನ ಭಾವನ ತಾಯಿ, ಆಗಷ್ಟೇ ಮೂಡುತ್ತಿದ್ದ ಆ ಮಚ್ಚೆ ನೋಡಿಯೇ ಒಪ್ಪಿದ್ದರು. ಅಮ್ಮ ಚಿಕ್ಕ ವಯಸ್ಸಿನಲ್ಲೇ, ಅಪ್ಪನಿಗಿಂತ ಮೊದಲು ಹೋದಾಗ, ನಂಬಿಕೆ ನಿಜವಾಯಿತೆಂದೇ ಎಲ್ಲರೂ ಅಂದಿದ್ದರು.

ಮರುದಿನ ಬಾವಿಯಿಂದ ಕೊಡ ತರುವಾಗ ಅಕ್ಕ ಎದೆ ಹಿಡಿದು ಕುಳಿತಳು.

“ಎಂತ ಆಯ್ತಕ್ಕ?”

“ಎಂತದೂ ಇಲ್ಲ. ವಾಯು. ಹಲಸಿನ ಗಟ್ಟಿ ಜಾಸ್ತಿ ತಿಂದದ್ದು.”

ತುಟಿ ಬಿಳಿಚಿತ್ತು. ಸೀರೆಯೆಲ್ಲ ಬೆವರು. ಭಾವ ಮತ್ತು ನಾನು ಬಸ್ಸಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದೆವು.

ಅಲ್ಲಿಯ ಡಾಕ್ಟರು ನಾಡಿ ಹಿಡಿಯುವ ಮೊದಲು ಕಣ್ಣು ನೋಡಿದರು. “ಇದು ಯಾವಾಗಿಂದ ಉಂಟಮ್ಮ?”

“ಅದು ನಮ್ಮ ಮನೆ ಹೆಣ್ಣುಮಕ್ಕಳ ಭಾಗ್ಯ ಡಾಕ್ಟ್ರೆ,” ಎಂದಳು ಅಕ್ಕ, ಆ ನೋವಿನಲ್ಲೂ ನಕ್ಕು.

ಅಮ್ಮನಿಗೂ ಇತ್ತು, ಅವಳು ಈಗ ಇಲ್ಲ ಎಂದೆ. ಹೇಗೆ ತೀರಿಕೊಂಡರು ಎಂದು ಕೇಳಿದರು. ಎದೆನೋವಿನಿಂದ ಎಂದೆ. ಅವರು ಅಕ್ಕನನ್ನು ಅಲ್ಲೇ ಮಲಗಿಸಿಕೊಂಡು ರಕ್ತ ತೆಗೆದರು.

ಬೆಳಿಗ್ಗೆ ಭಾವನನ್ನೂ ನನ್ನನ್ನೂ ಒಳಗೆ ಕರೆದು ಗಾಜಿನ ನಳಿಕೆ ತೋರಿಸಿದರು. ರಕ್ತ ತಳಕ್ಕಿಳಿದಿತ್ತು. ಮೇಲೆ ನಿಂತ ನೀರು ತಿಳಿಯಾಗಿರಬೇಕಿತ್ತಂತೆ. ಅದು ಅಕ್ಕಿ ತೊಳೆದ ನೀರಿನಂತೆ ಕದಡಿತ್ತು. ಕೊಬ್ಬು ತಾನಾಗಿ ರಕ್ತದಲ್ಲಿ ಕರಗುವುದಿಲ್ಲ, ಪ್ರೋಟೀನು ಅದನ್ನು ಸಣ್ಣ ಕಣಗಳಾಗಿ ಕಟ್ಟಿ ಹೊತ್ತೊಯ್ಯುತ್ತದೆ ಎಂದರು. ಆ ಕಣಗಳು ಅತಿಯಾದರೆ ರಕ್ತನಾಳದ ಗೋಡೆಯೊಳಗೆ ನುಸುಳಿ ಅಲ್ಲೇ ಉಳಿಯುತ್ತವೆ, ಗೋಡೆ ದಪ್ಪವಾಗುತ್ತದೆ, ದಾರಿ ಕಿರಿದಾಗುತ್ತದೆ.

“ರೆಪ್ಪೆಯಲ್ಲಿ ಕಾಣುದು ಅದೇ ಕೊಬ್ಬು. ಹೃದಯದ ನಾಳದಲ್ಲೂ ಇರಬಹುದು. ತಡ ಮಾಡುದು ಬೇಡ, ಮಂಗಳೂರಿಗೆ ಕರೆದುಕೊಂಡು ಹೋಗಿ.”

ಭಾವ ಕಾರು ಹುಡುಕಲು ಹೋದರು. ಅವರು ಕಾರು ತರುವಷ್ಟರಲ್ಲಿ ಅಕ್ಕ ಇರಲಿಲ್ಲ.

ಮನೆಯಲ್ಲಿ ಹೆಂಗಸರು ಅವಳಿಗೆ ಅರಿಶಿನ ಕುಂಕುಮ ಹಚ್ಚಿ, “ಪುಣ್ಯವಂತೆ, ಮುತ್ತೈದೆಯಾಗಿ ಹೋದ್ಲು” ಎಂದರು. ಭಾವನ ತಾಯಿ ಮಾತ್ರ ಸೊಸೆಯ ರೆಪ್ಪೆಯನ್ನೇ ನೋಡುತ್ತ ಕುಳಿತಿದ್ದರು.

ಈಗ ನನ್ನ ಎಡ ರೆಪ್ಪೆಯಲ್ಲೂ ಒಂದು ಮಚ್ಚೆ ಮೂಡಿದೆ. ಮೊದಲು ತನಗೇ ತೋರಿಸಬೇಕು ಎಂದಿದ್ದ ಅಕ್ಕ ಇಲ್ಲ.