ಬೂದು ಪ್ಯಾಂಟಿನ ಮೇಲೊಂದು ದೋಣಿ

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪನ ಹೊಸ ಪ್ಯಾಂಟನ್ನು ಸುಟ್ಟೆ. ಸುಟ್ಟದ್ದು ಕೈತಪ್ಪಿನಿಂದ. ಆಮೇಲೆ ಮಾಡಿದ್ದೆಲ್ಲ ಬೇಕೆಂದೇ ಮಾಡಿದ್ದು.

ತೊಂಬತ್ತರ ದಶಕದ ನಡುವಿನ ಮಾತು. ಚಿಕ್ಕಬಾಣಾವರ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನಮ್ಮ ಮನೆ. ಅಪ್ಪ ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹಣೆಗೆ ವಿಭೂತಿ, ಬಟ್ಟೆಗೆ ಇಸ್ತ್ರಿ, ಇವೆರಡೂ ಇಲ್ಲದೆ ಅವರು ಹೊಸ್ತಿಲು ದಾಟಿದವರಲ್ಲ. ಒಳಗೆ ಹೋದ ಅರ್ಧ ಗಂಟೆಗೆ ಎಣ್ಣೆ, ಗ್ರೀಸು ಮೆತ್ತಿಕೊಳ್ಳುವ ಯೂನಿಫಾರಂಗೂ ಚಾಕುವಿನಂಥ ಗೆರೆ ಇರಬೇಕು. "ನಿಮ್ಮ ಲೇತ್ ಮಷಿನ್‌ಗೇನು ಗೊತ್ತಾಗುತ್ತೆ?" ಎಂದು ಅಮ್ಮ ಕೇಳಿದರೆ, "ಅದಕ್ಕೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತೆ" ಎನ್ನುತ್ತಿದ್ದರು.

ಇಸ್ತ್ರಿ ಅಪ್ಪನ ಇಲಾಖೆಯಾದರೆ ಒಗೆತ ಅಮ್ಮನದು. ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ದಿನಕ್ಕೆರಡು ಗಂಟೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆಯೇಳುವ ಬದಲು ಮೊಸರಿನಂತೆ ಒಡೆಯುತ್ತಿತ್ತು. ಅಮ್ಮನ ಬೆರಳ ಸಂದಿಗಳು ಸದಾ ಬಿರಿದಿರುತ್ತಿದ್ದವು, ರಾತ್ರಿ ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗುವಳು. ಆದರೂ ಅವಳು ಒಗೆದ ಬಿಳಿ ಅಂಗಿ ನೋಡಿ ಬೀದಿಯ ಹೆಂಗಸರು ಯಾವ ನೀಲಿ ಹಾಕುತ್ತೀರಿ ಎಂದು ಕೇಳಿಕೊಂಡು ಹೋಗುತ್ತಿದ್ದರು.

ಪಕ್ಕದ ಮನೆಯ ಅಂಕಲ್ ಈ ಎರಡು ಇಲಾಖೆಗಳಿಗೂ ಶತ್ರು. ಅಪ್ಪ ಮತ್ತು ಅವರು ಒಂದೇ ದಿನ ಕಾರ್ಖಾನೆ ಸೇರಿದವರು, ಒಂದೇ ಶಿಫ್ಟ್ ಬಸ್ಸು ಹಿಡಿಯುವವರು. ಆದರೆ ಅಂಕಲ್ ಜನ್ಮದಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟಿದವರಲ್ಲ. ಬೀದಿಗೆಲ್ಲ ಮೊದಲ ವಾಷಿಂಗ್ ಮಷಿನ್ ಬಂದದ್ದೂ ಅವರ ಮನೆಗೇ. ಬಸ್ಸಿಗೆ ಕಾಯುವಾಗ ದಿನವೂ ಇಬ್ಬರಿಗೂ ಇದೇ ವಾದ.

"ಕೂತ್ರೆ ಮುದುಡೋ ಬಟ್ಟೆಗೆ ಯಾಕೆ ಗುರು ಕರೆಂಟು ಸುಡ್ತೀಯಾ?"

"ಸಂಜೆ ಮತ್ತೆ ಹಸಿವಾಗುತ್ತೆ ಅಂತ ಬೆಳಿಗ್ಗೆ ತಿಂಡಿ ಬಿಡ್ತೀಯೇನೋ? ಬಟ್ಟೆ ಮುದುಡಿದ್ರೆ ಮನುಷ್ಯನೂ ಮುದುಡ್ದಂಗೆ ಕಾಣ್ತಾನೆ ಕಣೋ."

ಅಂಕಲ್ ಬೇಕೆಂದೇ ತಮ್ಮ ಅಂಗಿಯನ್ನು ಇನ್ನಷ್ಟು ಹಿಂಡಿ ತೋರಿಸುತ್ತಿದ್ದರು.

ಆ ವರ್ಷ ಇಬ್ಬರಿಗೂ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ತುಂಬಿತು. ಮನೆಯವರನ್ನೂ ಕರೆದು ಸನ್ಮಾನ ಇಟ್ಟುಕೊಂಡರು. ಗ್ರೂಪ್ ಫೋಟೋ ಒಂದೇ ಸಮ ಕಾಣಲೆಂದು ಎಲ್ಲರಿಗೂ ಒಂದೇ ಬೂದು ಬಣ್ಣದ ಟೆರಿಕಾಟ್ ಪ್ಯಾಂಟ್ ಪೀಸು ಕೊಟ್ಟು, ಬಿಳಿ ಅಂಗಿಯನ್ನು ಅದರೊಳಗೆ ಸಿಕ್ಕಿಸಿಕೊಂಡೇ ಬರಬೇಕೆಂದು ನೋಟಿಸು ಹಾಕಿದರು. ಅಪ್ಪ, ಅಂಕಲ್ ಒಬ್ಬನೇ ದರ್ಜಿಯ ಹತ್ತಿರ ಹೊಲಿಸಿದರು. ಸೊಂಟ ಇಬ್ಬರದೂ ಒಂದೇ ಅಳತೆ. ಉದ್ದದಲ್ಲಿ ಮಾತ್ರ ಅಂಕಲ್ ಎರಡು ಬೆರಳು ಗಿಡ್ಡ. ಹೊಸ ಬಟ್ಟೆಯನ್ನು ಒಮ್ಮೆ ನೀರಿಗೆ ಹಾಕದೆ ತೊಡಬಾರದೆಂಬುದು ಅಮ್ಮನ ಶಾಸ್ತ್ರ. ಹಿಂದಿನ ದಿನ ಅಪ್ಪನ ಪ್ಯಾಂಟನ್ನು ಕೈಯಲ್ಲೇ ನಯವಾಗಿ ಕಿವುಚಿ ನೆರಳಿನಲ್ಲಿ ಒಣಗಿಸಿದ್ದಳು.

ಸನ್ಮಾನದ ಬೆಳಿಗ್ಗೆ ಅಪ್ಪ ಕಟಿಂಗ್ ಶಾಪಿಗೆ ಹೊರಟರು. ಹೊರಡುವಾಗ ಇದ್ದಕ್ಕಿದ್ದಂತೆ ನನ್ನನ್ನು ಕರೆದು, "ಪ್ಯಾಂಟಿಗೆ ನೀನೇ ಇಸ್ತ್ರಿ ಹಾಕಿಡು. ದೊಡ್ಡವಳಾದೆ. ಪೆಟ್ಟಿಗೆ ನಿಲ್ಸಿ ಇಡ್ಬೇಕು, ಮಲಗಿಸಿ ಇಡ್ಬಾರ್ದು, ಗೊತ್ತಲ್ಲ?" ಎಂದರು. ಅದುವರೆಗೆ ನನಗೆ ಸಿಕ್ಕ ಬಡ್ತಿಯೆಂದರೆ ನೀರು ಚಿಮುಕಿಸುವುದಷ್ಟೇ. ನಾನು ಉಬ್ಬಿಹೋದೆ.

ಮುಂಭಾಗ ಮುಗಿಸಿ ಪ್ಯಾಂಟನ್ನು ಬೋರಲು ತಿರುಗಿಸಿ ಪೆಟ್ಟಿಗೆ ಇಟ್ಟದ್ದೇ ತಡ, ಕರೆಂಟು ಹೋಯಿತು. ಹೋದರೆ ಒಂದು ಗಂಟೆ ಬರುತ್ತಿರಲಿಲ್ಲ. ಪೆಟ್ಟಿಗೆಯನ್ನು ಮಲಗಿಸಿದಂತೆಯೇ ಬಿಟ್ಟು, ಸ್ವಿಚ್ಚೂ ಆರಿಸದೆ, ವಾರಪತ್ರಿಕೆಯ ಧಾರಾವಾಹಿ ಹಿಡಿದು ಜಗಲಿಗೆ ಹೋದೆ. ಅದರ ನಾಯಕಿ ಬಾವಿಕಟ್ಟೆಯ ಮೇಲೆ ನಿಂತಿದ್ದಳು, ಹಾರುತ್ತಾಳೋ ಇಲ್ಲವೋ ಎಂಬ ಘಟ್ಟ. ಅವಳು ಹಾರಲಿಲ್ಲ. ಕರೆಂಟು ಮಾತ್ರ ಹತ್ತೇ ನಿಮಿಷಕ್ಕೆ ಬಂದುಬಿಟ್ಟಿತು. ಅದು ನನಗೆ ತಿಳಿದದ್ದು ವಾಸನೆಯಿಂದ.

ಓಡಿ ಹೋಗಿ ಪೆಟ್ಟಿಗೆ ಎತ್ತಿದೆ. ಸರಿಯಾಗಿ ಪ್ಯಾಂಟಿನ ಕೂರುವ ಜಾಗದಲ್ಲಿ, ಪೆಟ್ಟಿಗೆಯ ತಳದ ಅಚ್ಚಿನಂತೆ, ಕಡು ಕಂದು ಬಣ್ಣದ ಒಂದು ದೋಣಿ ಮೂಡಿತ್ತು. ತೂತಿಲ್ಲ. ಆದರೆ ಬಟ್ಟೆ ಕರಗಿ ಹಪ್ಪಳದಂತೆ ಗಟ್ಟಿಯಾಗಿ, ಬೆಳಕಿಗೆ ಫಳಫಳ ಹೊಳೆಯುತ್ತಿತ್ತು.

ಅಮ್ಮ ಹಿತ್ತಲಲ್ಲಿ ಒಗೆಯುತ್ತಿದ್ದಳು. ಅಪ್ಪ ಬರಲು ಇನ್ನು ಕಾಲು ಗಂಟೆ. ನಾನು ಪ್ಯಾಂಟನ್ನು ಲಂಗದೊಳಗೆ ಸುತ್ತಿಕೊಂಡು ಪಕ್ಕದ ಕಾಂಪೌಂಡಿಗೆ ನುಗ್ಗಿದೆ. ಅಂಕಲ್ ನುಗ್ಗೇಮರಕ್ಕೆ ಕನ್ನಡಿ ನೇತುಹಾಕಿ ಅರ್ಧ ಮುಖಕ್ಕೆ ಸೋಪು ಬಳಿದುಕೊಂಡು ನಿಂತಿದ್ದರು. ನಾನು ಪ್ಯಾಂಟು ಬಿಚ್ಚಿ ತೋರಿಸಿದೆ.

ಅವರು ದೋಣಿ ನೋಡಿದರು, ನನ್ನ ಮುಖ ನೋಡಿದರು. ಸೋಪಿನ ನೊರೆ ಹಾರುವಂತೆ ನಗತೊಡಗಿದರು.

"ಅಂಕಲ್, ನಿಮ್ಮ ಪ್ಯಾಂಟು ಕೊಡಿ. ಅಪ್ಪಂಗೆ ಗೊತ್ತಾದ್ರೆ ನನ್ನ ಕಥೆ ಮುಗೀತು."

"ನಾನೇನು ಪಂಚೆ ಉಟ್ಕೊಂಡು ಹೋಗ್ಲಾ?"

ಅದನ್ನು ನಾನು ಯೋಚಿಸಿರಲಿಲ್ಲ. ಅಳು ಬಂತು. ಅಂಕಲ್ ನನ್ನ ಕೈಯಿಂದ ಸುಟ್ಟ ಪ್ಯಾಂಟು ಕಿತ್ತುಕೊಂಡು ಹಗ್ಗದ ಮೇಲಿದ್ದ ತಮ್ಮ ಪ್ಯಾಂಟನ್ನು ನನ್ನತ್ತ ಎಸೆದರು. "ತಗೊಂಡ್ಹೋಗು. ಜೀವನದಲ್ಲಿ ಒಂದ್ಸಲನಾದ್ರೂ ಇಸ್ತ್ರಿ ಮಾಡಿದ್ ಬಟ್ಟೆ ಹಾಕ್ಕೋ ಅಂತ ನಿಮ್ಮಪ್ಪ ಬಡ್ಕೋತಿದ್ದ. ಇವತ್ತು ಹಾಕ್ಕೋತೀನಿ!"

ಒಳಗಿನಿಂದ ಆಂಟಿಯ ದನಿ ಬಂತು: "ಏನ್ರೀ ಅದು?"

"ಏನಿಲ್ಲ ಕಣೇ, ಮರ್ಯಾದೆ ಕೈ ಬದಲಾಗ್ತಿದೆ."

ಅಪ್ಪ ಬರುವಷ್ಟರಲ್ಲಿ ಅಂಕಲ್ ಪ್ಯಾಂಟಿಗೆ ಒದ್ದೆಬಟ್ಟೆ ಹಾಸಿ, ಉಸಿರು ಬಿಗಿಹಿಡಿದು ಗೆರೆ ಎಳೆದಿಟ್ಟಿದ್ದೆ. ಅಪ್ಪ ಗೆರೆಯನ್ನು ಬೆರಳಿನಿಂದ ಸವರಿ ಮೆಚ್ಚಿಕೊಂಡರು. ತೊಟ್ಟ ಮೇಲೆ ಕೆಳಗೆ ನೋಡಿದರು. ಬಿಳಿ ಕಾಲುಚೀಲ ಎರಡು ಬೆರಳಷ್ಟು ಇಣುಕುತ್ತಿತ್ತು.

"ಗಿಡ್ಡ ಆಗಿದೆಯಲ್ಲೇ!" ಎಂದು ಅಮ್ಮನ ಕಡೆ ತಿರುಗಿದರು. "ನೀರಿಗೆ ಹಾಕಿ ಕುಗ್ಗಿಸ್ಬಿಟ್ಟೆ."

"ನನ್ನ ಕೈಲಿ ಇವತ್ತಿನವರ್ಗೂ ಒಂದು ಕರ್ಚೀಫೂ ಕುಗ್ಗಿಲ್ಲ." ಅಮ್ಮನ ಮುಖ ಕೆಂಪಾಯಿತು.

"ಕಣ್ಣೆದುರಿಗೇ ಕಾಣ್ತಿದೆಯಲ್ಲ."

ಬಸ್ಸಿನ ಹೊತ್ತಾಗಿತ್ತು. ಜಗಳ ಅಲ್ಲಿಗೆ ನಿಂತಿತು, ಮುಗಿಯಲಿಲ್ಲ. ದಾರಿಯುದ್ದಕ್ಕೂ ಅಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಎಲ್ಲರಿಗಿಂತ ಕೊನೆಗೆ ಹತ್ತಿದ ಅಂಕಲ್, ಎಲ್ಲರೂ ಇಳಿಯುವವರೆಗೆ ಸೀಟು ಬಿಟ್ಟು ಏಳಲಿಲ್ಲ.

ಸಭಾಂಗಣದಲ್ಲಿ ವೇದಿಕೆಯ ಮೇಲೆ ಮೈಕಿನ ಹತ್ತಿರ ಜನರಲ್ ಮ್ಯಾನೇಜರ್ ಒಬ್ಬರೇ ನಿಂತಿದ್ದರು. ಸನ್ಮಾನಿತರು ಒಬ್ಬೊಬ್ಬರಾಗಿ ಪಕ್ಕದ ಪರದೆಯ ಹಿಂದಿನಿಂದ ಬಂದು, ಗೋಡೆ ಗಡಿಯಾರ ತೆಗೆದುಕೊಂಡು, ಮತ್ತೆ ಪರದೆಯ ಹಿಂದೆ ಹೋಗಬೇಕು. ಅಪ್ಪ ಎದೆಯುಬ್ಬಿಸಿ ಹೋಗಿ, ಕಾಲುಚೀಲ ತೋರಿಸಿಕೊಂಡು ಬಂದು ನಮ್ಮ ಪಕ್ಕ ಕೂತರು. ಅಂಕಲ್ ಸರದಿ ಕೊನೆಯದು.

ಅವರ ಹೆಸರು ಕೂಗಿದರು. ಪರದೆಯ ಅಂಚಿನಿಂದ ಅಂಕಲ್ ಏಡಿಯಂತೆ ಅಡ್ಡಡ್ಡ ಹೆಜ್ಜೆಯಿಡುತ್ತ ಬಂದರು. ಮುಖ ಜನರ ಕಡೆ, ಬೆನ್ನು ಗೋಡೆಯ ಕಡೆ, ಕೈ ಮುಗಿದೇ ಇತ್ತು. ಗಡಿಯಾರ ತೆಗೆದುಕೊಂಡು ಎಲ್ಲರೂ ತಿರುಗಿ ಹೋಗುತ್ತಿದ್ದರಲ್ಲ, ಇವರು ತಿರುಗಲೇ ಇಲ್ಲ. ಗಡಿಯಾರವನ್ನು ಎದೆಗವುಚಿ, ಒಮ್ಮೆ ಸಾಹೇಬರಿಗೆ, ಒಮ್ಮೆ ಸಭೆಗೆ ತಲೆಬಾಗಿಸುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟರು. ನಾನು ಅಮ್ಮನ ಸೆರಗನ್ನು ಬಾಯಿಗೆ ತುರುಕಿಕೊಂಡೆ. ನಡುವೆ ಮೈಕಿನ ವೈರು ಕಾಲಿಗೆ ಸಿಕ್ಕಿತು. ಅಂಕಲ್ ಒಂದು ಕ್ಷಣ ತೂಗಾಡಿದರು, ಆದರೂ ತಿರುಗಲಿಲ್ಲ. ಕೊನೆಗೆ ಪರದೆ ಅವರನ್ನು ನುಂಗಿಕೊಂಡಿತು.

ಸಭೆಯ ತುಂಬ ಚಪ್ಪಾಳೆ, ಅಪ್ಪನಿಗೆ ಬಿದ್ದದ್ದಕ್ಕಿಂತ ಮೂರು ಪಟ್ಟು. ಸಾಹೇಬರು ಮೈಕು ಹಿಡಿದು, "ದುಡಿದ ಜಾಗಕ್ಕೆ ಬೆನ್ನು ತೋರಿಸದ ಇಂಥ ಸಂಸ್ಕಾರ ಈಗಿನವರಲ್ಲಿ ಎಲ್ಲಿದೆ?" ಎಂದುಬಿಟ್ಟರು. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಅಪ್ಪ ಚಪ್ಪಾಳೆ ನಿಲ್ಲಿಸಲೇ ಇಲ್ಲ. "ಬಟ್ಟೆ ಮುದುಡಿದ್ರೂ ದೊಡ್ಡ ಮನುಷ್ಯ ಕಣೇ" ಎಂದು ಅಮ್ಮನಿಗೆ ಹೇಳಿದರು. ಇಸ್ತ್ರಿಯ ವಾದದಲ್ಲಿ ಅಪ್ಪ ಸೋಲೊಪ್ಪಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಮ್ಮನ ಜೊತೆಗಿನ ವಾದ ಮಾತ್ರ ಮನೆಗೆ ಬಂದ ಮೇಲೆ ಮುಂದುವರಿಯಿತು. ಕಾರ್ಖಾನೆಯಲ್ಲಿ ಯಾರೋ ಅಪ್ಪನ ಕಾಲು ನೋಡಿ, "ಏನ್ ಸಾರ್, ಮಗನ ಪ್ಯಾಂಟಾ?" ಎಂದಿದ್ದರಂತೆ. ಇವರಿಗೆ ಮಗನೇ ಇಲ್ಲ. ಎರಡು ದಿನ ಮುಖ ದಪ್ಪಗೆ ಮಾಡಿಕೊಂಡಿದ್ದ ಅಪ್ಪ ಮೂರನೆಯ ದಿನ ತೀರ್ಪು ಕೊಟ್ಟರು: "ಈ ಕೈಯಲ್ಲಿ ಒಗೆಯೋದು, ಹಿಂಡೋದು ಸಾಕು. ಬಟ್ಟೆ ಹಾಳು. ಒಂದು ಮಷಿನ್ ತರ್ತೀನಿ."

ಅಮ್ಮ ಅಡುಗೆಮನೆಗೆ ಹೋದಳು. ಅಳುತ್ತಿದ್ದಾಳೆಂದುಕೊಂಡೆ. ನನ್ನ ತಪ್ಪಿಗೆ ಅವಳ ಕೈಗುಣಕ್ಕೆ ಕಳಂಕ. ಹಿಂದೆಯೇ ಹೋಗಿ ಎಲ್ಲ ಒದರಿದೆ. ಧಾರಾವಾಹಿ, ಕರೆಂಟು, ದೋಣಿ, ಅಂಕಲ್ ಪ್ಯಾಂಟು, ಯಾವುದನ್ನೂ ಬಿಡಲಿಲ್ಲ. "ಈಗ್ಲೇ ಅಪ್ಪಂಗೆ ಹೇಳ್ಬಿಡ್ತೀನಮ್ಮ" ಎಂದೆ.

ಅಮ್ಮ ಅಳುತ್ತಿರಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದಳು. ನನ್ನ ಮಾತು ಮುಗಿಯುವವರೆಗೆ ಕೇಳಿ, ಚಾಕು ಕೆಳಗಿಟ್ಟು, ಒದ್ದೆ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಶ್! ಸುಮ್ನಿರು. ಮೊದ್ಲು ಮಷಿನ್ ಬರ್ಲಿ."

ಮಷಿನ್ ಬಂತು. ಅಪ್ಪನೇ ಆಟೋದಲ್ಲಿ ತಬ್ಬಿಕೊಂಡು ತಂದರು. ಅಮ್ಮ ಮೊದಲ ವಾರ ಅದನ್ನು ಶಾಸ್ತ್ರಕ್ಕೆ ಬೈದಳು. "ಗಿರಗಿರ ತಿರುಗಿಸಿದ್ರೆ ಕೊಳೆ ಹೋಗುತ್ತೇನ್ರೀ?" ಎಂದು ಅಪ್ಪನಿಗೆ ಕೇಳುವಂತೆ ಹೇಳುತ್ತ, ಅವರು ಬಸ್ಸು ಹತ್ತಿದ ಕೂಡಲೇ ಹೊದಿಕೆ, ಪರದೆ, ಕಾಲೊರೆಸು ಎಲ್ಲ ತಂದು ಅದರ ಹೊಟ್ಟೆಗೆ ತುಂಬುತ್ತಿದ್ದಳು. ಅಂಗಿಯ ಕಾಲರು, ಕಫ್ಫು ಮಾತ್ರ ಕೊನೆಯವರೆಗೂ ಕೈಯಲ್ಲೇ ಉಜ್ಜಿದಳು. ಅದು ನಾಟಕವಲ್ಲ. ಮಷಿನ್ನಿಗೆ ಕತ್ತಿನ ಕೊಳೆ ತಿಳಿಯುವುದಿಲ್ಲವೆಂದು ಅವಳು ನಿಜವಾಗಿಯೂ ನಂಬಿದ್ದಳು, ನಾನೂ ಈಗ ನಂಬುತ್ತೇನೆ. ತಿಂಗಳೊಳಗೆ ಅವಳ ಬೆರಳುಗಳ ಬಿರುಕು ಮಾಯಿತು. ಉಳಿದ ಹೊತ್ತಿನಲ್ಲಿ, ಪಕ್ಕದ ಆಂಟಿಯ ಜೊತೆ ಪ್ಯಾಸೆಂಜರ್ ರೈಲು ಹತ್ತಿ ತುಮಕೂರಿನ ತಂಗಿಯ ಮನೆಗೆ ಹೋಗಿ ಸಂಜೆಯೊಳಗೆ ಬರುವುದನ್ನು ಕಲಿತಳು. ಮದುವೆಯಾದಾಗಿನಿಂದ ಅವಳು ಅಪ್ಪನಿಲ್ಲದೆ ರೈಲು ಹತ್ತಿರಲಿಲ್ಲ.

ಗುಟ್ಟು ಬಯಲಾದದ್ದು ನಾಲ್ಕು ತಿಂಗಳ ಮೇಲೆ, ಆಂಟಿಯ ಉಳಿತಾಯಬುದ್ಧಿಯಿಂದ. ಅವರು ಸುಟ್ಟ ಪ್ಯಾಂಟನ್ನು ಎಸೆಯದೆ ಕತ್ತರಿಸಿ ಕಾಲೊರೆಸು ಮಾಡಿ, ಒಗೆದು ಕಾಂಪೌಂಡ್ ಗೋಡೆಯ ಮೇಲೆ ಒಣಹಾಕಿದ್ದರು. ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ ಬಂದ ಅಪ್ಪನ ಮೂಗಿನೆದುರಿಗೇ ಬೂದು ಬಟ್ಟೆ, ನಟ್ಟನಡುವೆ ಕಂದು ದೋಣಿ. ಅಪ್ಪ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಇಸ್ತ್ರಿ ಮುಟ್ಟದವನ ಮನೆಯಲ್ಲಿ ಇಸ್ತ್ರಿಯ ಗುರುತು! ಒಳಗೆ ಹೋಗಿ ಬೀರುವಿನಿಂದ ತಮ್ಮ ಗಿಡ್ಡ ಪ್ಯಾಂಟು ತೆಗೆದು, ಕೆಳಗಿನ ಮಡಿಕೆ ಬಿಚ್ಚಿ ನೋಡಿದರು. ಒಳಗೆ ದರ್ಜಿ ಬರೆದಿದ್ದ ಗುರುತಿನ ಅಕ್ಷರ ಅಪ್ಪನ ಹೆಸರಿನದಾಗಿರಲಿಲ್ಲ.

"ಯಾರು ಮಾಡಿದ್ದು?" ಎಂದು ಕೇಳಲಿಲ್ಲ. ನನ್ನನ್ನು ನೋಡಿದರು, ಅಷ್ಟೇ. ನಾನು ಗೋಡೆಗೆ ಅಂಟಿಕೊಂಡೆ.

"ಅವತ್ತು ಅವನು ಹಿಂದಕ್ಕೆ ನಡೆದದ್ದು..." ಎಂದರು.

"ಹೂಂ ಅಪ್ಪ, ಅದಕ್ಕೇ."

ಅಪ್ಪನ ತುಟಿ ಅದುರಿತು. ಸಿಟ್ಟೆಂದುಕೊಂಡೆ. ಬಾಯಲ್ಲಿದ್ದ ಪೇಸ್ಟು ಹೊರಗೆ ಚಿಮ್ಮಿದಾಗ ತಿಳಿಯಿತು, ನಗು. ಬಚ್ಚಲಿಗೆ ಓಡಿಹೋಗಿ ಅಲ್ಲಿಯೂ ನಕ್ಕರು. ಬಾಯಿ ತೊಳೆದು ಬಂದವರು ಅಮ್ಮನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಹಂಗಾದ್ರೆ ನೀನು ಕುಗ್ಗಿಸಿರ್ಲಿಲ್ಲ" ಎಂದರು.

"ನಾನು ಅವತ್ತೇ ಹೇಳಿದ್ನಲ್ಲ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

ಅಮ್ಮ ಮಷಿನ್ನಿನ ಮುಚ್ಚಳ ಎತ್ತಿ ಬಟ್ಟೆ ತುಂಬುತ್ತಿದ್ದಳು. "ಸೌಂಡಲ್ಲಿ ಏನೂ ಕೇಳಿಸ್ತಿಲ್ಲ ಕಣ್ರೀ" ಎಂದಳು. ಅದನ್ನು ಇನ್ನೂ ಆನ್ ಮಾಡಿರಲಿಲ್ಲ.

ಆ ಭಾನುವಾರ ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಅಂಕಲ್ ಪ್ಯಾಂಟಿಗೆ ನನ್ನಿಂದಲೇ ಗೆರೆ ಎಳೆಸಿದರು. ವಕ್ರವಾದರೆ ಮತ್ತೆ ನೀರು ಚಿಮುಕಿಸಿ ಎಳೆಸಿದರು. ಆಮೇಲೆ ಅದನ್ನು ಎರಡೂ ಅಂಗೈ ಮೇಲೆ ತಟ್ಟೆಯಂತೆ ಹೊತ್ತು ಪಕ್ಕದ ಮನೆಗೆ ನಡೆದರು. ನಾನು ಗೋಡೆಯ ಮೇಲಿನಿಂದ ಇಣುಕಿದೆ. ಅಂಕಲ್ ಬಾಗಿಲು ತೆರೆದರು, ಪ್ಯಾಂಟು ನೋಡಿದರು, ಅಪ್ಪನ ಮುಖ ನೋಡಿದರು.

"ಗೊತ್ತಾಯ್ತಾ ಗುರು?"

"ಗೊತ್ತಾಯ್ತು. ನಾಳೆ ಇದನ್ನೇ ಹಾಕ್ಕೊಂಡು ಬಸ್ಸಿಗೆ ಬಾ. ಗೆರೆ ಕೆಡಿಸ್ದಂಗೆ, ನಿಂತ್ಕೊಂಡೇ ಬರ್ಬೇಕು."

ಮರುದಿನ ಅಂಕಲ್ ಬಂದರು. ಸೀಟು ಖಾಲಿಯಿದ್ದರೂ ಪೀಣ್ಯದವರೆಗೆ ನಿಂತೇ ಹೋದರಂತೆ.